ಎರಡು ದಿನದ ಮುಂಬೈ: ವಾರ ನೋಡಿ, ಹೊತ್ತು ನೋಡಿ, ದಿಕ್ಕು ನೋಡಿ

ಮುಂಬೈ ನೋಡಲು ಎರಡು ದಿನಕ್ಕೆ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಇಂಥದೊಂದು ಪಟ್ಟಿ ಇರುತ್ತದೆ: ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಹಾಜಿ ಅಲಿ, ಜುಹು, ಫಿಲ್ಮ್ ಸಿಟಿ, ನಟರ ಬಂಗಲೆಗಳು, ಮರೀನ್ ಡ್ರೈವ್. ಒಂದೊಂದೂ ನೋಡುವಂಥದ್ದೇ. ಆದರೆ ನಕ್ಷೆ ಬಿಡಿಸಿ ಗುರುತು ಹಾಕಿ ನೋಡಿ, ಕೊಲಾಬಾದಿಂದ ಗೋರೆಗಾಂವ್‌ವರೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚುಕ್ಕಿಗಳು ಹರಡಿಕೊಳ್ಳುತ್ತವೆ. ಏಳು ದ್ವೀಪಗಳನ್ನು ಜೋಡಿಸಿ ಮಾಡಿದ ಊರು ಇದು, ಉತ್ತರ ದಕ್ಷಿಣಕ್ಕೆ ಉದ್ದ, ಅಡ್ಡಕ್ಕೆ ಕಿರಿದು. ಬೆಳಿಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ಕೆಲಸಕ್ಕೆ ಇಳಿಯುತ್ತದೆ, ಸಂಜೆ ಉತ್ತರಕ್ಕೆ ಮರಳುತ್ತದೆ. ಪ್ರವಾಸಿಯೂ ಅದೇ ಹೊತ್ತಿಗೆ ಅದೇ ದಿಕ್ಕಿಗೆ ಹೊರಟರೆ ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ.

ಹಾಗಾಗಿ ಎರಡು ದಿನದ ಪ್ಲಾನ್ ಹಾಕುವವರಿಗೆ ನನ್ನ ಖಚಿತ ಸಲಹೆ: ಜುಹು, ಫಿಲ್ಮ್ ಸಿಟಿ, ಬಂಗಲೆಗಳನ್ನು ಬಿಟ್ಟುಬಿಡಿ. ಬಂಗಲೆ ಎಂದರೆ ಗೇಟು ಮತ್ತು ಗೋಡೆ, ಅಷ್ಟೇ. ದಾದರ್‌ನಿಂದ ದಕ್ಷಿಣಕ್ಕಿರುವ ಮುಂಬೈಯನ್ನು ಸರಿಯಾಗಿ ನೋಡಲು ಎರಡು ದಿನ ಬೇಕೇ ಬೇಕು.

ಮೊದಲು ವಾರ

ಟಿಕೆಟ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ಅದರೊಳಗಿನ ಕಾನ್ಹೇರಿ ಗುಹೆಗಳಿಗೂ ಸೋಮವಾರವೇ ರಜೆ. ಮಾಟುಂಗಾದ ಹೆಸರಾಂತ ಉಡುಪಿ ಹೋಟೆಲುಗಳಲ್ಲಿ ಕೆಲವು ಸೋಮವಾರವೇ ಬಾಗಿಲು ಹಾಕುತ್ತವೆ. ಭಾಯಖಳಾದ (ಬೈಕುಲ್ಲಾ) ಪ್ರಾಣಿ ಸಂಗ್ರಹಾಲಯಕ್ಕೆ ಬುಧವಾರ ರಜೆ. ಮಂಗಳವಾರ ಸಿದ್ಧಿವಿನಾಯಕನಲ್ಲಿ ಕ್ಯೂ ಗಂಟೆಗಟ್ಟಲೆ ನಿಲ್ಲುತ್ತದೆ, ಸಂಕಷ್ಟಿ ಮಂಗಳವಾರ ಬಂದು ಅಂಗಾರಕ ಸಂಕಷ್ಟಿಯಾದರೆ ಆ ಕಡೆ ಹೋಗುವ ಮಾತೇ ಬೇಡ.

ಭಾನುವಾರದ ತೊಡಕು ಬೇರೆ. ಆ ದಿನ ಹಳಿ ರಿಪೇರಿಗೆಂದು ಲೋಕಲ್ ರೈಲುಗಳನ್ನು ಕೆಲವು ಗಂಟೆ ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ಹಳಿಗೆ ತಿರುಗಿಸುತ್ತಾರೆ. ಇದನ್ನೇ ಮೆಗಾಬ್ಲಾಕ್ ಎನ್ನುವುದು. ಹೆಚ್ಚಾಗಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶುರುವಾಗಿ ಸಂಜೆ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ಯಾವ ಲೈನಿನಲ್ಲಿ, ಯಾವ ಸ್ಟೇಷನ್‌ಗಳ ನಡುವೆ ಎಂಬುದನ್ನು ಶನಿವಾರವೇ ಪ್ರಕಟಿಸಿರುತ್ತಾರೆ. ಅದನ್ನು ನೋಡದೆ ಭಾನುವಾರ ಮಧ್ಯಾಹ್ನ ರೈಲು ಹಿಡಿಯಲು ಲೋಕಲ್‌ನಲ್ಲಿ ಹೊರಟವರು ಪ್ಲಾಟ್‌ಫಾರಂ ಮೇಲೆ ಬೆವರುತ್ತ ನಿಲ್ಲಬೇಕಾಗುತ್ತದೆ.

ಇಷ್ಟೆಲ್ಲ ಸೇರಿಸಿ ನೋಡಿದರೆ ಶನಿವಾರ ಮತ್ತು ಭಾನುವಾರ ಚೆನ್ನಾಗಿ ಹೊಂದುತ್ತವೆ. ಶನಿವಾರ ಎಲಿಫೆಂಟಾ ಮತ್ತು ಫೋರ್ಟ್ ಎಂಬ ದಕ್ಷಿಣ ಮುಂಬೈಯ ಹಳೆಯ ಭಾಗ, ಭಾನುವಾರ ಮಲಬಾರ್ ಹಿಲ್‌ನಿಂದ ಉತ್ತರಕ್ಕೆ ಮಾಟುಂಗಾದವರೆಗೆ. ರಜೆ ಸಿಗುವುದಾದರೆ ಗುರುವಾರ, ಶುಕ್ರವಾರ ಇನ್ನೂ ಮೇಲು, ಗುಹೆಯಲ್ಲಿ ಜನ ಕಡಿಮೆ. ತಿಂಗಳೆಂದರೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ.

ಬಂದಿಳಿಯುವುದು ಎಲ್ಲಿ

ಬೆಂಗಳೂರು, ರಾಯಚೂರು, ಕಲಬುರಗಿ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಸಿಎಸ್‌ಎಂಟಿಗೇ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಹಳೆಯ ವಿ.ಟಿ.) ಹೋಗುತ್ತದೆ, ದಾದರ್‌ನಲ್ಲೂ ನಿಲ್ಲುತ್ತದೆ. ಮೈಸೂರಿನಿಂದ ಹುಬ್ಬಳ್ಳಿ ಮೇಲೆ ಬರುವ ಶರಾವತಿ ದಾದರ್‌ನಲ್ಲೇ ಮುಗಿಯುತ್ತದೆ. ಕರಾವಳಿಯವರ ಮತ್ಸ್ಯಗಂಧ ಮಾತ್ರ ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತದೆ. ಈ ಟರ್ಮಿನಸ್ ಕುರ್ಲಾ ಲೋಕಲ್ ಸ್ಟೇಷನ್‌ಗೆ ಅಂಟಿಕೊಂಡಿಲ್ಲ. ಹತ್ತಿರವಿರುವುದು ಹಾರ್ಬರ್ ಲೈನಿನ ತಿಲಕ್ ನಗರ, ಆ ಲೈನು ವಡಾಲಾ ಮೇಲೆ ಸಿಎಸ್‌ಎಂಟಿಗೆ ಹೋಗುತ್ತದೆ, ದಾದರ್ ಮುಟ್ಟುವುದಿಲ್ಲ. ದಾದರ್‌ಗೆ ಹೋಗಬೇಕಾದವರು ಥಾಣೆ ಸ್ಟೇಷನ್ನಿನಲ್ಲೇ ಇಳಿದು ಫಾಸ್ಟ್ ಲೋಕಲ್ ಹಿಡಿಯುವುದು ಸುಲಭ, ಲಗೇಜು ಹಗುರ ಇದ್ದು ಬೆಳಿಗ್ಗೆ ಏಳರ ಒಳಗಾಗಿದ್ದರೆ ಮಾತ್ರ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲುಗಳು ನಿಧಾನ. ಹೊರಡುವ ಹೊತ್ತು ಕೂಡ ಬದಲಾಗಿರುತ್ತದೆ. ರಿಸರ್ವೇಷನ್ ಈಗ 60 ದಿನ ಮುಂಚೆ ತೆರೆಯುತ್ತದೆ, 120 ಅಲ್ಲ. ವಾರಾಂತ್ಯದ ಸ್ಲೀಪರ್ ಬೇಕಿದ್ದರೆ ತೆರೆದ ದಿನವೇ ಕೂರಬೇಕು.

ವಿಮಾನದಲ್ಲಿ ಬರುವವರು ಟಿಕೆಟ್ ಮೇಲೆ ಯಾವ ನಿಲ್ದಾಣ ಎಂಬುದನ್ನು ಎರಡು ಸಲ ಓದಿ. 2025ರ ಡಿಸೆಂಬರ್ ಕೊನೆಯಿಂದ ನವಿ ಮುಂಬೈ ವಿಮಾನ ನಿಲ್ದಾಣವೂ ಶುರುವಾಗಿದೆ. ಅದು ಪನ್ವೇಲ್ ಕಡೆ ಇರುವುದು. ಟಿಕೆಟ್ ಐನೂರು ರೂಪಾಯಿ ಅಗ್ಗ ಸಿಕ್ಕಿತೆಂದು ಅಲ್ಲಿ ಇಳಿದು ಕೊಲಾಬಾಗೆ ಟ್ಯಾಕ್ಸಿ ಮಾಡಿದರೆ ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಹಳೆಯ ನಿಲ್ದಾಣದ ಎರಡೂ ಟರ್ಮಿನಲ್‌ಗಳ ಬುಡದಲ್ಲಿ ಈಗ ಮೆಟ್ರೊ ಇದೆ.

ಉಳಿಯುವ ಜಾಗದಲ್ಲಿ ಮಾಡುವ ಉಳಿತಾಯವೇ ಅತಿ ದುಬಾರಿ. ವಾಶಿಯಲ್ಲೋ ಅಂಧೇರಿ ಪೂರ್ವದಲ್ಲೋ ಎಂಟುನೂರು ರೂಪಾಯಿ ಕಡಿಮೆಗೆ ರೂಮು ಸಿಗಬಹುದು, ಆದರೆ ದಿನಕ್ಕೆ ಎರಡೂವರೆ ಗಂಟೆ ಓಡಾಟಕ್ಕೇ ಹೋಗುತ್ತದೆ. ಎರಡು ದಿನದಲ್ಲಿ ಐದು ಗಂಟೆ ಎಂದರೆ ಒಂದು ಎಲಿಫೆಂಟಾ. ದಾದರ್, ಮಾಟುಂಗಾ, ಮುಂಬೈ ಸೆಂಟ್ರಲ್, ಫೋರ್ಟ್ ಇವುಗಳಲ್ಲಿ ಎಲ್ಲಿ ಕೈಗೆಟಕುತ್ತದೋ ಅಲ್ಲಿ ಹಿಡಿಯಿರಿ. ಕೊಲಾಬಾದಲ್ಲಿ ಅಗ್ಗದ ರೂಮುಗಳಿವೆ, ಕಿಟಕಿ ಇದೆಯೇ ಎಂದು ಕೇಳಿಯೇ ದುಡ್ಡು ಕೊಡಿ. ಮುಂಬೈಯಲ್ಲಿ ಈ ಪ್ರಶ್ನೆ ಕೇಳಲೇಬೇಕು.

ಲೋಕಲ್ ಹತ್ತುವ ಬಗೆ

ಮೂರು ಮುಖ್ಯ ಲೈನುಗಳು. ವೆಸ್ಟರ್ನ್ ಚರ್ಚ್‌ಗೇಟ್‌ನಿಂದ, ಸೆಂಟ್ರಲ್ ಮತ್ತು ಹಾರ್ಬರ್ ಸಿಎಸ್‌ಎಂಟಿಯಿಂದ. ವೆಸ್ಟರ್ನ್, ಸೆಂಟ್ರಲ್ ಎರಡೂ ಕೂಡುವುದು ದಾದರ್‌ನಲ್ಲಿ. ಅಲ್ಲಿ 1ರಿಂದ 7ನೇ ಪ್ಲಾಟ್‌ಫಾರಂ ವೆಸ್ಟರ್ನ್, 8ರಿಂದ 14 ಸೆಂಟ್ರಲ್. 2023ರ ಡಿಸೆಂಬರಿನಲ್ಲಿ ನಂಬರ್ ಬದಲಾಗಿದ್ದರಿಂದ ಹಳೆಯ ವಿಡಿಯೊ ನೋಡಿ ಬಂದವರು ತಪ್ಪು ಕಡೆ ಹೋಗುತ್ತಾರೆ.

ಹೆಸರುಗಳೂ ಅಷ್ಟೇ ದಾರಿ ತಪ್ಪಿಸುತ್ತವೆ. ಮುಂಬೈ ಸೆಂಟ್ರಲ್ ಸ್ಟೇಷನ್ ಇರುವುದು ವೆಸ್ಟರ್ನ್ ಲೈನಿನಲ್ಲಿ. ಮಾಟುಂಗಾ ಸೆಂಟ್ರಲ್ ಲೈನಿನದು, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನದು, ಕಿಂಗ್ಸ್ ಸರ್ಕಲ್ ಹಾರ್ಬರಿನದು. ಮೂರೂ ಒಂದಕ್ಕೊಂದು ನಡೆದುಹೋಗುವ ದೂರದಲ್ಲೇ ಇವೆ, ಆದರೆ ರೈಲಿನ ಲೆಕ್ಕದಲ್ಲಿ ಬೇರೆ ಬೇರೆ ಊರಿದ್ದಂತೆ.

ಪ್ಲಾಟ್‌ಫಾರಂ ಮೇಲೆ ನೇತಾಡುವ ಇಂಡಿಕೇಟರ್ ಓದಲು ಬಂದರೆ ಅರ್ಧ ಗೆದ್ದಂತೆ. ಅದರಲ್ಲಿ ನಾಲ್ಕು ವಿಷಯ ಇರುತ್ತವೆ: ರೈಲು ಹೊರಡುವ ಹೊತ್ತು, ಕೊನೆಯ ಸ್ಟೇಷನ್‌ನ ಗುರುತಿನ ಅಕ್ಷರ, ಎಫ್ ಅಥವಾ ಎಸ್, ಮತ್ತು 12 ಅಥವಾ 15 ಎಂಬ ಡಬ್ಬಗಳ ಲೆಕ್ಕ. ಎಫ್ ಎಂದರೆ ಫಾಸ್ಟ್, ಸಣ್ಣ ಸ್ಟೇಷನ್‌ಗಳನ್ನು ಬಿಟ್ಟು ಓಡುತ್ತದೆ. ಮಾಟುಂಗಾ, ಮಹಾಲಕ್ಷ್ಮಿ, ಪ್ರಭಾದೇವಿಗೆ ಸ್ಲೋ ಲೋಕಲ್ಲೇ ಬೇಕು. ಡಬ್ಬದ ಲೆಕ್ಕ ಏಕೆಂದರೆ, 12 ಡಬ್ಬದ ರೈಲು ಬರುವಾಗ ಪ್ಲಾಟ್‌ಫಾರಂ ತುದಿಯಲ್ಲಿ ನಿಂತಿದ್ದರೆ ಕೊನೆಯ ಡಬ್ಬ ನಿಮ್ಮ ಮುಂದೆ ದಾಟಿ ಹೋಗಿಬಿಡುತ್ತದೆ, ರೈಲು ನಿಲ್ಲುವುದು ಅರ್ಧ ನಿಮಿಷದೊಳಗೆ.

ಇನ್ನೊಂದು ಮುಖ್ಯ ಮಾತು. ಸಂಜೆ ಚರ್ಚ್‌ಗೇಟ್‌ನಿಂದ ದಾದರ್‌ಗೋ ಬಾಂದ್ರಾಕ್ಕೋ ಹೋಗಲು ವಿರಾರ್ ಫಾಸ್ಟ್ ಹತ್ತಬೇಡಿ. ಅದು ದಾದರ್‌ನಲ್ಲಿ ನಿಲ್ಲುತ್ತದೆ, ಆದರೆ ಬಾಗಿಲವರೆಗೆ ಬರಲು ನಿಮಗೆ ದಾರಿ ಸಿಗುವುದಿಲ್ಲ. ಗಂಟೆಗೂ ಹೆಚ್ಚು ದೂರ ಹೋಗುವವರು ಒತ್ತಾಗಿ ನಿಂತಿರುತ್ತಾರೆ, ಎರಡೇ ಸ್ಟೇಷನ್‌ಗೆ ಇಳಿಯುವವನನ್ನು ಕಂಡರೆ ಅವರಿಗೆ ಸಿಟ್ಟು ಬರುವುದು ಸಹಜ. ಬಾಂದ್ರಾ ಅಥವಾ ಅಂಧೇರಿ ಸ್ಲೋ ಹಿಡಿಯಿರಿ. ಇಳಿಯುವ ಮುಂಚಿನ ಸ್ಟೇಷನ್ ಬಿಟ್ಟ ಕೂಡಲೇ ಬಾಗಿಲ ಕಡೆ ಸರಿಯಿರಿ, ಯಾವ ಪಕ್ಕಕ್ಕೆ ಪ್ಲಾಟ್‌ಫಾರಂ ಬರುತ್ತದೆ ಎಂದು ಪಕ್ಕದವರನ್ನು ಕೇಳಿ. ಕೇಳಿದರೆ ಎಲ್ಲರೂ ಹೇಳುತ್ತಾರೆ.

ಟಿಕೆಟ್ ಸೆಕೆಂಡ್ ಕ್ಲಾಸಿಗೆ ಐದು, ಹತ್ತು ರೂಪಾಯಿಯ ಮಾತು. ಆ್ಯಪ್‌ನಲ್ಲಿ ತೆಗೆಯುವುದಾದರೆ ಸ್ಟೇಷನ್ ಹೊರಗಿದ್ದಾಗಲೇ ತೆಗೆಯಿರಿ, ಒಳಗೆ ಹೋದ ಮೇಲೆ ಹಳಿಯ ಹತ್ತಿರ ಅದು ಕೆಲಸ ಮಾಡುವುದಿಲ್ಲ. ಫಸ್ಟ್ ಕ್ಲಾಸ್ ಡಬ್ಬವೂ ನೋಡಲು ಹೆಚ್ಚುಕಡಿಮೆ ಸೆಕೆಂಡ್ ಕ್ಲಾಸಿನಂತೆಯೇ ಇರುತ್ತದೆ, ಹೊರಗೆ ಓರೆ ಪಟ್ಟೆ ಬಳಿದಿರುತ್ತಾರೆ. ಪಟ್ಟೆ ಕಂಡರೆ ಬಾಗಿಲ ಪಕ್ಕದ ಬರಹ ಓದದೆ ಕಾಲಿಡಬೇಡಿ. ಸೆಕೆಂಡ್ ಕ್ಲಾಸ್ ಟಿಕೆಟಿನಲ್ಲಿ ಸಿಕ್ಕಿಬಿದ್ದರೆ ದಂಡವೇ ಕನಿಷ್ಠ 250 ರೂಪಾಯಿ, ಜೊತೆಗೆ ದರದ ವ್ಯತ್ಯಾಸ. ಎಸಿ ಲೋಕಲ್‌ಗೂ ಪ್ರತ್ಯೇಕ ಟಿಕೆಟ್. ಹೆಂಗಸರ ಡಬ್ಬಕ್ಕೆ ಗಂಡಸರು ಹತ್ತಿದರೆ ಅಲ್ಲಿಯೂ ದಂಡ. ಜೊತೆಯಾಗಿ ಹೊರಟ ಗಂಡ ಹೆಂಡತಿ ಬೇರೆ ಬೇರೆ ಡಬ್ಬ ಹತ್ತುವುದಾದರೆ ಇಳಿಯುವ ಸ್ಟೇಷನ್ ಮತ್ತು ಅಲ್ಲಿ ಯಾವ ಬ್ರಿಜ್ ಕೆಳಗೆ ಕಾಯಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಬೆಳಿಗ್ಗೆ ಎಂಟರಿಂದ ಹನ್ನೊಂದು ದಕ್ಷಿಣಕ್ಕೆ, ಸಂಜೆ ಐದೂವರೆಯಿಂದ ಒಂಬತ್ತು ಉತ್ತರಕ್ಕೆ ಲೋಕಲ್ ಬೇಡ. ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಲೋಕಲ್ಲಿನ ಅನುಭವಕ್ಕೆ ಮಧ್ಯಾಹ್ನದ ಒಂದು ಸವಾರಿ ಸಾಕು, ಉಳಿದದ್ದಕ್ಕೆಲ್ಲ ಮೆಟ್ರೊ ಮೂರನೇ ಲೈನ್. 2025ರ ಅಕ್ಟೋಬರಿನಲ್ಲಿ ಇದು ಪೂರ್ತಿ ತೆರೆದ ಮೇಲೆ ಪ್ರವಾಸಿಗಳ ಮುಂಬೈ ಲೆಕ್ಕಾಚಾರವೇ ಬದಲಾಗಿದೆ. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, ಬಹುತೇಕ ಪೂರ್ತಿ ನೆಲದಡಿ. ವಿಮಾನ ನಿಲ್ದಾಣ, ದಾದರ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಮುಂಬೈ ಸೆಂಟ್ರಲ್, ಸಿಎಸ್‌ಎಂಟಿ, ಹುತಾತ್ಮಾ ಚೌಕ, ಚರ್ಚ್‌ಗೇಟ್ ಎಲ್ಲವೂ ಒಂದೇ ಲೈನಿನಲ್ಲಿ. ದರ 10ರಿಂದ 70 ರೂಪಾಯಿ. ಕೆಳಗೆ ಮೊಬೈಲ್ ಸಿಗ್ನಲ್ಲನ್ನು ನಂಬಿ ಇಳಿಯಬೇಡಿ, ಟಿಕೆಟ್ ಮೇಲೆಯೇ ತೆಗೆದಿಟ್ಟುಕೊಳ್ಳಿ ಇಲ್ಲವೇ ನಗದು ಇಟ್ಟುಕೊಳ್ಳಿ. ಯಾವ ಗೇಟಿನಿಂದ ಹೊರಬರಬೇಕು ಎಂಬ ಬೋರ್ಡ್ ಓದಿ, ತಪ್ಪು ಗೇಟಿನಿಂದ ಹೊರಬಂದರೆ ದೊಡ್ಡ ರಸ್ತೆ ದಾಟಬೇಕಾಗುತ್ತದೆ.

ಆಟೋ ದಕ್ಷಿಣ ಮುಂಬೈಯಲ್ಲಿ ಇಲ್ಲ. ಬಾಂದ್ರಾ, ಸಾಯನ್‌ಗಳೇ ಅವುಗಳ ಗಡಿ. ಅಲ್ಲಿಂದ ಈಚೆ ಕಾಳಿ ಪೀಲಿ (ಕಪ್ಪು ಹಳದಿ) ಟ್ಯಾಕ್ಸಿ, ಮೀಟರ್ ಮೇಲೆ, ಕನಿಷ್ಠ ದರ 31 ರೂಪಾಯಿ. ನಾಲ್ಕು ಜನ ಇದ್ದರೆ ಸಣ್ಣ ದೂರಕ್ಕೆ ಇದಕ್ಕಿಂತ ಅಗ್ಗದ ಸುಖ ಇಲ್ಲ. ಗೇಟ್‌ವೇ, ಸಿಎಸ್‌ಎಂಟಿ ಮುಂದೆ ನಿಂತು ಕಾಯುವ ಟ್ಯಾಕ್ಸಿ ಬಿಟ್ಟು ರಸ್ತೆಯಲ್ಲಿ ಓಡುವುದನ್ನು ಕೈ ತೋರಿಸಿ ನಿಲ್ಲಿಸಿದರೆ ಮೀಟರ್ ತಕರಾರು ಕಡಿಮೆ.

ಮೊದಲ ದಿನ: ಘಾರಾಪುರಿ (ಎಲಿಫೆಂಟಾ ದ್ವೀಪ) ಮತ್ತು ಫೋರ್ಟ್

ಬೆಳಿಗ್ಗೆ ಎಂಟೂವರೆಗೆ ಗೇಟ್‌ವೇ ಆಫ್ ಇಂಡಿಯಾ. ಐದನೇ ಜಾರ್ಜ್ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ್ದು, ಮುಗಿದು ತೆರೆದದ್ದು 1924ರಲ್ಲಿ. ಸ್ವಾತಂತ್ರ್ಯದ ನಂತರ ಬ್ರಿಟಿಷ್ ಸೇನೆಯ ಕೊನೆಯ ತುಕಡಿ 1948ರ ಫೆಬ್ರವರಿ 28ರಂದು ಇದೇ ಕಮಾನಿನ ಕೆಳಗೆ ಹಾದು ಹಡಗು ಹತ್ತಿತು. ಆ ಹೊತ್ತಿಗೆ ಜನ ಕಡಿಮೆ, ಎದುರಿನ 1903ರ ತಾಜ್ ಹೋಟೆಲಿನ ಮೇಲೆ ಪೂರ್ವದ ಬಿಸಿಲು ಬಿದ್ದಿರುತ್ತದೆ. ಫೋಟೊ ಆಗಲೇ ತೆಗೆದುಬಿಡಿ, ಸಂಜೆ ಕಾಲಿಡಲು ಜಾಗ ಇರುವುದಿಲ್ಲ.

ಒಂಬತ್ತರ ಮೊದಲ ಲಾಂಚೇ ಎಲಿಫೆಂಟಾಗೆ ಸರಿ. ಹೋಗಿಬರುವ ಟಿಕೆಟ್ ಸುಮಾರು 260 ರೂಪಾಯಿ, ಹಿಂದಿರುಗುವಾಗಲೂ ಅದೇ ಚೀಟಿ ತೋರಿಸಬೇಕು, ಎಸೆಯಬೇಡಿ. ಮೇಲಿನ ಡೆಕ್‌ಗೆ ಹತ್ತು ರೂಪಾಯಿ ಬೇರೆ ಕೇಳುತ್ತಾರೆ. ಲೈಫ್ ಜಾಕೆಟ್ ಹಾಕಿಕೊಂಡೇ ಕೂರಿ, 2024ರ ಡಿಸೆಂಬರಿನ ದೋಣಿ ದುರಂತ ನಡೆದದ್ದು ಇದೇ ದಾರಿಯಲ್ಲಿ. ಒಂದು ಗಂಟೆಯ ಪ್ರಯಾಣ. ಆ ಕಡೆ ಜೆಟ್ಟಿಯಿಂದ ಮೆಟ್ಟಿಲ ಬುಡದವರೆಗೆ ಪುಟಾಣಿ ರೈಲು, ಆಮೇಲೆ ಸುಮಾರು 120 ಮೆಟ್ಟಿಲು. ಏರಲಾಗದವರಿಗೆ ಕುರ್ಚಿಯ ಡೋಲಿ ಸಿಗುತ್ತದೆ, ದರ ಏರುವ ಮುಂಚೆಯೇ ಮಾತಾಡಿ. ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಹತ್ತಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ. ನೀರಿನ ಬಾಟಲಿಯನ್ನೂ ಬಿಡುವುದಿಲ್ಲ.

ಬಹಳ ಜನ ಗುಹೆಯೊಳಗೆ ಇಪ್ಪತ್ತು ನಿಮಿಷ ಇದ್ದು ಬಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ಗಂಟೆ ಕೊಡಿ. ಉತ್ತರದ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಬಲಗಡೆ ನಟರಾಜ, ಎಡಗಡೆ ಯೋಗೀಶ್ವರ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನನ್ನು ಕಂಡವರು ಇಲ್ಲಿ ತಡೆದು ನಿಲ್ಲದೆ ಇರಲಾರರು. ಎರಡೂ ಆರನೇ ಶತಮಾನದವೇ, ಒಬ್ಬನೇ ದೇವರು, ಕಲ್ಲೂ ಕೈಯೂ ಬೇರೆ. ಇಲ್ಲಿಯ ನಟರಾಜನ ಕೈಕಾಲು ಮುರಿದಿವೆ, ಆದರೂ ಸೊಂಟ ತಿರುಗಿದ ರೀತಿಯಲ್ಲೇ ಕುಣಿತ ಉಳಿದುಕೊಂಡಿದೆ. ನೇರ ಮುಂದೆ ನಡೆದರೆ ದಕ್ಷಿಣದ ಗೋಡೆಯಲ್ಲಿ ಸುಮಾರು ಆರು ಮೀಟರ್ ಎತ್ತರದ ಮಹೇಶಮೂರ್ತಿ. ಗೈಡುಗಳಲ್ಲಿ ಕೆಲವರು ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಹೇಳಿಬಿಡುತ್ತಾರೆ. ಮೂರೂ ಶಿವನ ಮುಖಗಳೇ. ನಮ್ಮ ಎಡಕ್ಕಿರುವುದು ಉಗ್ರ ಅಘೋರ, ಮೀಸೆ ಮತ್ತು ಹಾವು ನೋಡಿ. ಬಲಕ್ಕಿರುವುದು ವಾಮದೇವ, ಹೆಣ್ಣಿನ ಸೌಮ್ಯ ಮುಖ, ಕೈಯಲ್ಲಿ ಕಮಲ. ನಡುವಿನದು ಕಣ್ಣು ಮುಚ್ಚಿದ ತತ್ಪುರುಷ. ಹತ್ತಿರ ಹೋದಷ್ಟೂ ಕತ್ತಲೆಯೇ ಹೆಚ್ಚು ಕಾಣುತ್ತದೆ. ಹತ್ತು ಹೆಜ್ಜೆ ಹಿಂದೆ ಬಂದು ಕಂಬಗಳ ನಡುವೆ ಎರಡು ನಿಮಿಷ ನಿಂತುಬಿಡಿ, ಕಣ್ಣು ಹೊಂದಿಕೊಂಡ ಮೇಲೆ ಮುಖಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಎಡಕ್ಕೆ ಅರ್ಧನಾರೀಶ್ವರ, ಬಲಕ್ಕೆ ಗಂಗಾಧರ. ಪಶ್ಚಿಮದ ನಾಲ್ಕು ಬಾಗಿಲ ಲಿಂಗದ ಗುಡಿಯನ್ನು ಸುತ್ತಿ, ದ್ವಾರಪಾಲಕರನ್ನು ಒಬ್ಬೊಬ್ಬರನ್ನಾಗಿ ನೋಡಿ.

634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಹಡಗುಗಳಿಂದ ಮುತ್ತಿದನೆಂದು ರವಿಕೀರ್ತಿ ಹೇಳುವ 'ಪಶ್ಚಿಮ ಸಮುದ್ರದ ಲಕ್ಷ್ಮಿ'ಯಾದ ಪುರಿ ಇದೇ ಘಾರಾಪುರಿ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಮೆಟ್ಟಿಲು ಇಳಿಯುವಾಗ ಸಮುದ್ರ ನೋಡುತ್ತ ಅದನ್ನು ನೆನೆದರೆ ಕನ್ನಡಿಗರಿಗೆ ದ್ವೀಪ ಇನ್ನಷ್ಟು ಹತ್ತಿರವಾಗುತ್ತದೆ.

ಹನ್ನೆರಡೂಮುಕ್ಕಾಲರ ಲಾಂಚ್ ಹಿಡಿದರೆ ಎರಡರೊಳಗೆ ಗೇಟ್‌ವೇ. ಮಧ್ಯಾಹ್ನದ ಲಾಂಚಿಗೆ ಹೊರಟವರಿಗೆ ಈ ಲೆಕ್ಕ ಕೂಡುವುದಿಲ್ಲ, ಉಳಿದ ದಿನ ಮುಗಿದಂತೆ.

ಊಟ ಮುಗಿಸಿ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ಹಳಬರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಗೇಟ್‌ವೇಯಿಂದ ಹತ್ತು ನಿಮಿಷದ ನಡಿಗೆ. ಬೆಳಿಗ್ಗೆ 10.15ರಿಂದ ಸಂಜೆ 6, ವಾರದ ರಜೆ ಇಲ್ಲ. ಪೂರ್ತಿ ನೋಡಲು ಒಂದು ದಿನ ಬೇಕು, ನಮಗಿರುವುದು ಎರಡು ಗಂಟೆ. ಕೆಳಗಿನ ಶಿಲ್ಪಗಳ ಕೋಣೆಯನ್ನು ಮಾತ್ರ ತಪ್ಪಿಸಬೇಡಿ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮನ ಫಲಕ ಅಲ್ಲಿದೆ. ಗುಡಿಯಲ್ಲಿದ್ದಾಗ ಕತ್ತೆತ್ತಿ ನೋಡಬೇಕಿದ್ದ ಕೆತ್ತನೆ ಇಲ್ಲಿ ಕಣ್ಣಿನ ಮಟ್ಟದಲ್ಲಿ ಸಿಗುತ್ತದೆ.

ಐದಕ್ಕೆ ಹೊರಬಿದ್ದು ಓವಲ್ ಮೈದಾನಕ್ಕೆ ನಡೆಯಿರಿ. ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಂತರೆ ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ, ಎಲ್ಲವೂ 1870ರ ದಶಕದ ಗಾಥಿಕ್. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು. ಸಮುದ್ರ ತುಂಬಿಸಿ ನೆಲ ಮಾಡುವ ಮುಂಚೆ ಆ ಗಾಥಿಕ್ ಸಾಲೇ ಕಡಲಿಗೆ ಮುಖ ಮಾಡಿತ್ತು, ತುಂಬಿಸಿದ ನೆಲದ ಮೇಲೆ ಎದ್ದದ್ದು ಎರಡನೆಯ ಸಾಲು. ಎರಡನ್ನೂ ಸೇರಿಸಿ ಯುನೆಸ್ಕೊ 2018ರಲ್ಲಿ ಪಟ್ಟಿಗೆ ಹಾಕಿತು. ಸಂಜೆಯ ಬಿಸಿಲು ಬೀಳುವುದು ಪೂರ್ವದ ಸಾಲಿನ ಮೇಲೆ, ಅದಕ್ಕೇ ಗೋಪುರಕ್ಕೆ ಸಂಜೆ ಬರಬೇಕು. ಡೆಕೊ ಮನೆಗಳ ಫೋಟೊ ಬೇಕಿದ್ದವರು ಬೆಳಿಗ್ಗೆ ಬರಬೇಕು.

ಅಲ್ಲಿಂದ ಮರೀನ್ ಡ್ರೈವ್ ಹತ್ತು ನಿಮಿಷ. ಡಿಸೆಂಬರಿನಲ್ಲಿ ಆರರ ಆಸುಪಾಸು ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ ಏಳು ದಾಟುತ್ತದೆ. ಮುಳುಗಿದ ಕೂಡಲೇ ಎದ್ದು ಚರ್ಚ್‌ಗೇಟ್‌ಗೆ ಓಡಬೇಡಿ, ಅದೇ ವಿಪರೀತ ಗದ್ದಲದ ಹೊತ್ತು. ಕಟ್ಟೆಯ ಮೇಲೆ ಕೂತು ದೀಪಗಳ ಸಾಲು ಹತ್ತಿಕೊಳ್ಳುವುದನ್ನು ನೋಡಿ, ಹತ್ತಿರದಲ್ಲೇ ಊಟ ಮಾಡಿ, ಒಂಬತ್ತರ ಮೇಲೆ ಹೊರಡಿ. ಮೆಟ್ರೊ ಹಿಡಿಯುವವರು ಹತ್ತು ಗಂಟೆಯೊಳಗೆ ಸ್ಟೇಷನ್‌ನಲ್ಲಿ ಇರಬೇಕು.

ಎರಡನೇ ದಿನ: ದಕ್ಷಿಣದಿಂದ ಉತ್ತರಕ್ಕೆ

ರೂಮು ಖಾಲಿ ಮಾಡಿ ಲಗೇಜನ್ನು ಹೋಟೆಲಿನಲ್ಲೇ ಬಿಡಿ, ಇಲ್ಲವೇ ಸಂಜೆ ರೈಲು ಹತ್ತುವ ಸ್ಟೇಷನ್‌ನ ಕ್ಲೋಕ್ ರೂಮಿನಲ್ಲಿ. ಕ್ಲೋಕ್ ರೂಮಿಗೆ ಪ್ರಯಾಣದ ಟಿಕೆಟ್ ತೋರಿಸಬೇಕು, ಪ್ರತಿ ಬ್ಯಾಗಿಗೂ ಬೀಗ ಇರಬೇಕು. ಬೀಗ ಇಲ್ಲದ ಬ್ಯಾಗನ್ನು ತೆಗೆದುಕೊಳ್ಳುವುದಿಲ್ಲ.

ಏಳೂವರೆಗೆ ಟ್ಯಾಕ್ಸಿ ಮಾಡಿ ವಾಲ್ಕೇಶ್ವರದ ಬಾಣಗಂಗಾ. ಮುಂಬೈಯ ದುಬಾರಿ ಗೋಪುರಗಳ ಬುಡದಲ್ಲಿ ಕಲ್ಲಿನ ಮೆಟ್ಟಿಲುಗಳ ಹಳೆಯ ಕಲ್ಯಾಣಿ, ಸಮುದ್ರಕ್ಕೆ ಕಲ್ಲೆಸೆಯುವಷ್ಟು ಹತ್ತಿರವಿದ್ದರೂ ಸಿಹಿನೀರಿನ ಊಟೆ. ಶಿಲಾಹಾರರ ಕಾಲದಿಂದ ಬಂದ ಜಾಗ. ಗೌಡ ಸಾರಸ್ವತರ ಕಾಶೀ ಮಠ, ಕವಳೆ ಮಠ ಎರಡೂ ಇದರ ದಂಡೆಯಲ್ಲೇ ಇವೆ, ಕರಾವಳಿಯ ಮನೆತನಗಳಿಗೆ ಇದು ಹೊಸ ಹೆಸರಲ್ಲ. ಪ್ರವಾಸಿ ಬಸ್ಸುಗಳು ಇಲ್ಲಿಗೆ ಬರುವುದು ಕಡಿಮೆ, ಅದೇ ಇದರ ಪುಣ್ಯ.

ಒಂಬತ್ತೂವರೆಗೆ ಗಾಮದೇವಿಯ ಮಣಿ ಭವನ ತೆರೆಯುತ್ತದೆ. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಯಲ್ಲಿ ಉಳಿಯುತ್ತಿದ್ದ ಮನೆ. 1932ರ ಜನವರಿ 4ರ ನಸುಕಿನಲ್ಲಿ ಪೊಲೀಸರು ಅವರನ್ನು ಹಿಡಿದದ್ದು ಇದರ ಮಾಳಿಗೆಯ ಡೇರೆಯಿಂದ. ಮುಕ್ಕಾಲು ಗಂಟೆ ಸಾಕು.

ಹಾಜಿ ಅಲಿಗೆ ಹೋಗುವುದು ಗಡಿಯಾರ ನೋಡಿ ಅಲ್ಲ, ಸಮುದ್ರದ ಉಬ್ಬರ ಇಳಿತ ನೋಡಿ. ದರ್ಗಾಕ್ಕೆ ಹೋಗುವ ದಾರಿ ಸಮುದ್ರದ ಮಟ್ಟದಲ್ಲೇ ಇರುವುದರಿಂದ ಉಬ್ಬರದ ಹೊತ್ತಿಗೆ ಮುಳುಗುತ್ತದೆ. ಉಬ್ಬರ ದಿನಕ್ಕೆರಡು ಸಲ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ದೊಡ್ಡ ಉಬ್ಬರ ನಡುಮಧ್ಯಾಹ್ನದ ಹೊತ್ತಿಗೇ ಬರುತ್ತದೆ. ಅಂಥ ದಿನ ಹನ್ನೊಂದಕ್ಕೆ ಅಲ್ಲಿ ನಿಂತರೆ ನೀರು ಏರುವುದನ್ನು ನೋಡಿ ವಾಪಸಾಗಬೇಕು. ಹಾಗಿದ್ದರೆ ಪಕ್ಕದ ಮಹಾಲಕ್ಷ್ಮಿ ದೇವಸ್ಥಾನ ಮುಗಿಸಿ ಮುಂದೆ ನಡೆಯಿರಿ.

ಧೋಬಿ ಘಾಟ್‌ಗೆ ಹತ್ತು ನಿಮಿಷ ಸಾಕು, ಮಹಾಲಕ್ಷ್ಮಿ ಲೋಕಲ್ ಸ್ಟೇಷನ್ ಹತ್ತಿರದ ಸೇತುವೆಯ ಮೇಲಿಂದ ಚೆನ್ನಾಗಿ ಕಾಣುತ್ತದೆ. ಒಳಗೆ ಕರೆದೊಯ್ಯುತ್ತೇವೆಂದು ದುಡ್ಡು ಕೇಳುವವರಿರುತ್ತಾರೆ. ಅದು ಜನ ಕೆಲಸ ಮಾಡುವ ಜಾಗ, ಮೇಲಿಂದ ನೋಡುವುದೇ ಮರ್ಯಾದೆ. ಅಲ್ಲಿಂದ ಸಿದ್ಧಿವಿನಾಯಕ ಬೇಕಿದ್ದವರಿಗೆ ಮೆಟ್ರೊ.

ಊಟಕ್ಕೆ ಮಾಟುಂಗಾ, ಒಂದೂವರೆಯ ಒಳಗೆ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ ಪೂರ್ವಕ್ಕೆ ಇಳಿದರೆ ಮೊದಲ ಮಹಡಿಯಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಬಾಳೆಲೆ ಊಟ, ಮೊದಲು ಕೂಪನ್, ಆಮೇಲೆ ಕಾಯುವ ಸಾಲು. ಭಾನುವಾರ ಸಾಲು ದೊಡ್ಡದು, ಆದರೆ ಬೇಗ ಸರಿಯುತ್ತದೆ. ತಿಂಡಿ ಸಾಕೆನ್ನುವವರಿಗೆ ಕಿಂಗ್ಸ್ ಸರ್ಕಲ್ ಹತ್ತಿರ ಕೆಫೆ ಮದ್ರಾಸ್, ಕೆಫೆ ಮೈಸೂರು ಇವೆ. ಮುಂಬೈಯ ಬೀದಿಯಲ್ಲಿ 'ಮೈಸೂರು ಮಸಾಲ' ಎಂದು ಮಾರುವುದು ಬೆಣ್ಣೆ, ತರಕಾರಿ, ಕೆಂಪು ಚಟ್ನಿಯನ್ನು ಕಾವಲಿಯ ಮೇಲೆಯೇ ಅರೆದು ಮಾಡುವ ಬೇರೆಯದೇ ತಿನಿಸು. ನಮ್ಮ ದೋಸೆಯ ನಿರೀಕ್ಷೆ ಇಟ್ಟುಕೊಳ್ಳದೆ ತಿಂದರೆ ಅದೂ ರುಚಿಯೇ. ಊಟವಾದ ಮೇಲೆ ಇಲ್ಲಿಯ ಹೂವಿನ ಅಂಗಡಿಗಳ ಬೀದಿಯಲ್ಲಿ ಸುತ್ತಾಡಿ. ಮೈಸೂರು ಅಸೋಸಿಯೇಷನ್ ಕಟ್ಟಡವೂ ಇದೇ ಭಾಗದಲ್ಲಿದೆ, ಸಂಜೆ ಕನ್ನಡ ಕಾರ್ಯಕ್ರಮ ಇದೆಯೇ ಎಂದು ಕೇಳಿ ನೋಡಬಹುದು.

ರಾತ್ರಿಯ ಪ್ರಯಾಣವಾದರೆ ಸಂಜೆ ಏಳರ ಹೊತ್ತಿಗೆ ಸಿಎಸ್‌ಎಂಟಿ ಎದುರು ಬನ್ನಿ. ಆ ಹೊತ್ತಿಗೆ ದಕ್ಷಿಣಕ್ಕೆ ಬರುವ ರೈಲುಗಳು ಖಾಲಿ. ಎಫ್. ಡಬ್ಲ್ಯು. ಸ್ಟೀವನ್ಸ್ 1878ರಿಂದ ಹತ್ತು ವರ್ಷ ಹಿಡಿದು ಕಟ್ಟಿದ ಈ ಕಟ್ಟಡಕ್ಕೆ ರಾತ್ರಿ ದೀಪ ಹಾಕುತ್ತಾರೆ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಬ್ರಿಟನ್ನಿನ ಸಿಂಹ, ಇನ್ನೊಂದು ಕಡೆ ಭಾರತದ ಹುಲಿ. ಎದುರಿನ ಮಹಾನಗರ ಪಾಲಿಕೆಯ ಕಟ್ಟಡವೂ ಸ್ಟೀವನ್ಸನದೇ. ಎರಡೂ ಒಟ್ಟಿಗೆ ಕಾಣುವಂತೆ ರಸ್ತೆಯ ಆಚೆ ನಿಲ್ಲಿ.

ಮೂರನೇ ದಿನ ಅರ್ಧ ಸಿಕ್ಕರೆ ಜುಹುಗಿಂತ ಕಾನ್ಹೇರಿ ನೂರು ಪಾಲು ಮೇಲು. ಬೆಳಿಗ್ಗೆ ಬೋ‌ರಿವಲಿ ಕಡೆ ಹೋಗುವ ರೈಲುಗಳು ಜನರ ಹರಿವಿಗೆ ಎದುರು ದಿಕ್ಕಿನವು, ಕೂರಲು ಜಾಗ ಸಿಗುತ್ತದೆ. ಕಾಡಿನ ನಡುವೆ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಅವುಗಳಲ್ಲಿ ಮಾನ್ಯಖೇಟದ ಅಮೋಘವರ್ಷನ ಹೆಸರಿರುವ ಒಂಬತ್ತನೇ ಶತಮಾನದ ಶಾಸನಗಳೂ ಇವೆ. ಉದ್ಯಾನದ ಗೇಟಿನಿಂದ ಗುಹೆ ಆರೇಳು ಕಿಲೋಮೀಟರ್ ಒಳಗೆ, ಒಳಗಿನ ಬಸ್ಸಿನ ಹೊತ್ತನ್ನು ಗೇಟಿನಲ್ಲೇ ಕೇಳಿಕೊಳ್ಳಿ.

ಮಳೆಗಾಲದಲ್ಲೇ ಬರಬೇಕಾಗಿ ಬಂದರೆ ಮೊದಲ ದಿನದ ಪ್ಲಾನ್ ತಲೆಕೆಳಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಕೆರಳಿದ ದಿನ ಎಲಿಫೆಂಟಾ ಲಾಂಚ್ ಬಿಡುವುದಿಲ್ಲ, ಅದು ತಿಳಿಯುವುದು ಆ ಬೆಳಿಗ್ಗೆಯೇ. ಮ್ಯೂಸಿಯಮ್ಮನ್ನು ಬದಲಿಗೆ ಇಟ್ಟುಕೊಳ್ಳಿ, ಮಳೆಯಲ್ಲಿ ಕಾನ್ಹೇರಿಯೂ ಸೊಗಸು. ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರವೂ ಜೋರು ಮಳೆಯೂ ಒಂದೇ ಹೊತ್ತಿಗೆ ಬಿದ್ದರೆ ಊರಿನ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಆಗ ಸಾಯನ್, ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ ಮೊದಲು ತುಂಬುತ್ತವೆ, ಲೋಕಲ್ ನಿಲ್ಲುತ್ತದೆ. ಅಂಥ ದಿನ ರೈಲು ಹಿಡಿಯುವವರು ಹೊರಡುವ ಸ್ಟೇಷನ್‌ನ ಹತ್ತಿರವೇ ಮಧ್ಯಾಹ್ನ ಕಳೆಯಬೇಕು. ಬೇರೆ ದಿನಗಳಲ್ಲಿ ದಾದರ್ ಅಥವಾ ಸಿಎಸ್‌ಎಂಟಿಗೆ ಮುಕ್ಕಾಲು ಗಂಟೆ ಮುಂಚೆ, ತಿಲಕ್ ಟರ್ಮಿನಸ್‌ಗೆ ರಸ್ತೆಯ ಗದ್ದಲವನ್ನೂ ಸೇರಿಸಿ ಎರಡು ಗಂಟೆ ಮುಂಚೆ ಹೊರಡಿ. ರೈಲಿನಲ್ಲಿ ತಿನ್ನಲು ಮಾಟುಂಗಾದಲ್ಲೇ ಇಡ್ಲಿ ಕಟ್ಟಿಸಿಕೊಳ್ಳಿ, ಚಟ್ನಿ ಬೇಡ, ಚಟ್ನಿಪುಡಿ ಕೇಳಿ.